ಮೂರು ನದಿ, ಒಂದು ಬಯಲು: ಡಿ ರೈಕೆ ಮತ್ತು ಕಿಸೊ ನದಿಗಳ ಪ್ರಕರಣ

ಮಳೆ ಹಿಡಿದ 8 ಗಂಟೆಗೆ ಇಬಿ ನದಿ ಏರುತ್ತದೆ. 16 ಗಂಟೆಗೆ ನಾಗರಾ. 24 ಗಂಟೆಗೆ ಕಿಸೊ. ಜಪಾನಿನ ನೋಬಿ ಬಯಲಿನಲ್ಲಿ, ಅಂದರೆ ಈಗಿನ ನಗೋಯಾ ನಗರದ ಪಶ್ಚಿಮಕ್ಕೆ, ಹಿಂದಿನ ರೈತರಿಗೆ ಬಾಯಿಪಾಠವಾಗಿದ್ದ ಲೆಕ್ಕ ಇದು. ಅವರ ಹಳೆಯ ಕಾಲಮಾನದ ಒಂದು ಪಾಲು ನಮ್ಮ ಎರಡು ಗಂಟೆಗೆ ಸಮ. ಅದಕ್ಕೇ ಅವರು "ನಾಲ್ಕು, ಎಂಟು, ಹನ್ನೆರಡು" ಎಂದು ಹೇಳಿಕೊಳ್ಳುತ್ತಿದ್ದರು.

ಮೂರು ನದಿ ಒಂದರ ಹಿಂದೆ ಒಂದು ಏರುವುದರಲ್ಲಿ ಭಯ ಪಡುವಂಥದ್ದೇನು ಅನ್ನಿಸಬಹುದು. ಭಯ ಇದ್ದದ್ದು ಅವು ಸೇರುವ ಕಡೆ. 229 ಕಿಲೋಮೀಟರ್ ಉದ್ದದ ಕಿಸೊ, 166 ಕಿಲೋಮೀಟರಿನ ನಾಗರಾ, 121 ಕಿಲೋಮೀಟರಿನ ಇಬಿ, ಮೂರೂ ಬೆಟ್ಟದಿಂದ ಇಳಿದು ಇಸೆ ಕೊಲ್ಲಿಗೆ ಸೇರುತ್ತವೆ. ಸಮುದ್ರಕ್ಕೆ ಹತ್ತಿರ ಬರುತ್ತಿದ್ದ ಹಾಗೆ ಅವು ಕವಲೊಡೆದು, ಮತ್ತೆ ಕೂಡಿ, ಹೆಣೆದ ಜಡೆಯ ಹಾಗೆ ಹರಿಯುತ್ತಿದ್ದವು. ಇಬಿಯ ನೆರೆ ಇಳಿಯುವ ಮೊದಲೇ ನಾಗರಾ ಬರುತ್ತಿತ್ತು. ಅದರ ಮೇಲೆ, ಎಲ್ಲಕ್ಕಿಂತ ದೊಡ್ಡದಾದ ಕಿಸೊ ಬಂದು ಬೀಳುತ್ತಿತ್ತು.

ಅದರ ಜೊತೆ ನೆಲದ ಓರೆ ಬೇರೆ. ನೋಬಿ ಬಯಲು ಪೂರ್ವದಿಂದ ಪಶ್ಚಿಮಕ್ಕೆ ವಾಲಿದೆ. ಪಶ್ಚಿಮದ ಯೋರೊ ಬೆಟ್ಟದ ಬುಡದಲ್ಲಿ ನೆಲ ಲಕ್ಷಾಂತರ ವರ್ಷಗಳಿಂದ ಕುಸಿಯುತ್ತಲೇ ಇದೆ. ಅದರಿಂದ ಪೂರ್ವದ ಕಿಸೊ ನದಿಯ ತಳ ಎತ್ತರದಲ್ಲಿದೆ, ನಡುವಿನ ನಾಗರಾದ್ದು ಅದಕ್ಕಿಂತ ಕೆಳಗೆ, ಇಬಿಯದ್ದು ಎಲ್ಲಕ್ಕಿಂತ ಕೆಳಗೆ. ನೀರಿಗೆ ಗೊತ್ತಿರುವುದು ತಗ್ಗು ಒಂದೇ. ಕಿಸೊ ಉಕ್ಕಿದಾಗ ಅದರ ನೀರು ನೇರ ಸಮುದ್ರಕ್ಕೆ ಹೋಗುವ ಬದಲು ಅಡ್ಡಡ್ಡ ಹರಿದು ಇಬಿಯ ಕಡೆಯ ಊರುಗಳಿಗೆ ನುಗ್ಗುತ್ತಿತ್ತು. ತಮ್ಮ ಊರಿನ ಮೇಲೆ ಮಳೆ ನಿಂತ ಮೇಲೂ ಬೇರೆ ಯಾವುದೋ ನದಿಯ ನೀರಿನಲ್ಲಿ ಮುಳುಗುವುದು ಅಲ್ಲಿನವರ ಪಾಡಾಗಿತ್ತು.

ಈ ಮೂರು ನದಿಗಳನ್ನು ಬೇರೆ ಬೇರೆ ಮಾಡಿ ಸಮುದ್ರಕ್ಕೆ ಬಿಟ್ಟ ಕೆಲಸವೇ ಇಲ್ಲಿ ನೋಡುತ್ತಿರುವ ಪ್ರಕರಣ. 1887ರಲ್ಲಿ ಶುರುವಾಗಿ 1912ರಲ್ಲಿ ಮುಗಿಯಿತು, 25 ವರ್ಷ. ಯೋಜನೆ ರೂಪಿಸಿದವರು ಯೊಹಾನಿಸ್ ಡಿ ರೈಕೆ ಎಂಬ ಡಚ್ ಎಂಜಿನಿಯರ್. ಜಪಾನಿನಲ್ಲಿ ಅವರನ್ನು ದೆ ರೇಕೆ ಎನ್ನುತ್ತಾರೆ.

ಉಂಗುರದ ಊರುಗಳು

ಡಿ ರೈಕೆ ಬರುವ ಮೊದಲು ಜನ ಕೈಕಟ್ಟಿ ಕೂತಿರಲಿಲ್ಲ. ಅವರು ಮಾಡಿದ್ದನ್ನು ನೋಡದೆ ಡಿ ರೈಕೆಯ ಕೆಲಸ ಅರ್ಥವಾಗುವುದಿಲ್ಲ.

ಬಯಲಿನವರು ತಮ್ಮ ಊರು, ಗದ್ದೆ ಎಲ್ಲ ಸೇರಿಸಿ ಸುತ್ತಲೂ ಮಣ್ಣಿನ ಏರಿ ಕಟ್ಟಿಕೊಂಡಿದ್ದರು. ಈ ಉಂಗುರದಂಥ ಊರುಗಳಿಗೆ ವಾಜು ಎಂದು ಹೆಸರು. ಏರಿಯ ಒಳಗೂ ಅನುಕೂಲಸ್ಥರು ಕಲ್ಲಿನ ಎತ್ತರದ ಜಗಲಿ ಮೇಲೆ ಇನ್ನೊಂದು ಸಣ್ಣ ಮನೆ ಕಟ್ಟುತ್ತಿದ್ದರು. ಅದು ನೀರಿನ ಮನೆ. ಅಕ್ಕಿ, ಮಿಸೊ ಎಂಬ ಸೋಯಾಕಾಳಿನ ಅಡುಗೆ ಮುದ್ದೆ, ಹಾಸಿಗೆ ಎಲ್ಲ ಅಲ್ಲಿ ಇಡುತ್ತಿದ್ದರು. ಸೂರಿನ ಕೆಳಗೆ ಒಂದು ದೋಣಿ ನೇತುಹಾಕಿರುತ್ತಿದ್ದರು. ಒಣಗಿದ ದಿನದಲ್ಲಿ ಅಂಗಳದ ಮೇಲೆ ತೂಗುವ ದೋಣಿ! ನೀರು ಬಂದರೆ ಹಗ್ಗ ಬಿಚ್ಚಿ ಇಳಿಸಿದರಾಯಿತು.

ಆದರೆ ಒಂದು ಊರಿನ ಏರಿ ಪಕ್ಕದ ಊರಿನ ಕೇಡು. ಇವರು ಒಂದಡಿ ಎತ್ತರಿಸಿದರೆ ನೀರು ಅವರ ಕಡೆಗೆ ತಿರುಗುತ್ತದೆ. ಅದರಲ್ಲೂ ದೊಡ್ಡ ಏರಿ ದೊಡ್ಡವರದು. ಕಿಸೊ ನದಿಯ ಎಡದಂಡೆಯಲ್ಲಿ ಓವಾರಿ ಸಂಸ್ಥಾನ ಇತ್ತು. ಅದು ಆಳುವ ತೊಕುಗಾವಾ ಮನೆತನದ್ದೇ ಒಂದು ಕವಲು. 17ನೇ ಶತಮಾನದ ಆರಂಭದಲ್ಲಿ ಅವರು ಇನುಯಾಮಾದಿಂದ ಕೆಳಗೆ ಸುಮಾರು 48 ಕಿಲೋಮೀಟರ್ ಉದ್ದಕ್ಕೆ ಭಾರಿ ಏರಿ ಹಾಕಿಸಿದರು. ಎದುರು ದಂಡೆಯ ಮಿನೊದವರ ಏರಿ ಇದಕ್ಕಿಂತ ಮೂರು ಅಡಿ ಕಮ್ಮಿಯೇ ಇರಬೇಕು ಎಂಬ ಕಟ್ಟಳೆ ಇತ್ತೆಂದು ಅಲ್ಲಿನ ಜನ ಇವತ್ತಿಗೂ ಹೇಳುತ್ತಾರೆ. ಓವಾರಿಯ ಏರಿ ಗಟ್ಟಿಯಾದಷ್ಟೂ ಮಿನೊದಲ್ಲಿ ಏರಿ ಒಡೆಯುವುದು ಜಾಸ್ತಿಯಾಯಿತು. ಬಲಿಷ್ಠರು ತಮ್ಮ ದಂಡೆ ಕಾಪಾಡಿಕೊಂಡಾಗ ನೀರು ಎಲ್ಲಿಗೆ ಹೋಗುತ್ತದೆ ಅನ್ನೋದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಾನು ಕಂಡಿಲ್ಲ.

ನದಿಗಳನ್ನು ಬೇರೆ ಮಾಡಬೇಕು ಎಂಬ ಯೋಚನೆಯೂ ಡಿ ರೈಕೆಯದ್ದಲ್ಲ. ಅದು ಅವರಿಗಿಂತ ನೂರು ವರ್ಷಕ್ಕೂ ಹಳೆಯದು. 1753ರ ಕೊನೆಯಲ್ಲಿ ಶೋಗನ್ ಸರಕಾರ, ಅಂದರೆ ದೇಶ ಆಳುತ್ತಿದ್ದ ತೊಕುಗಾವಾ ಸೇನಾಧಿಪತಿಯ ಸರಕಾರ, ದೂರದ ದಕ್ಷಿಣದ ಸತ್ಸುಮಾ ಸಂಸ್ಥಾನಕ್ಕೆ ಆಜ್ಞೆ ಮಾಡಿತು: ನಿಮ್ಮ ಖರ್ಚು, ನಿಮ್ಮ ಜನ, ಕಿಸೊ ಬಯಲಿನ ನದಿ ಕೆಲಸ ಮಾಡಿ. ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ ಸಮುರಾಯಿಗಳು ಬಂದು ಮಣ್ಣು ಹೊತ್ತರು. 1754ರಿಂದ 1755ರವರೆಗೆ ಕೆಲಸ ನಡೆಯಿತು. ಸತ್ಸುಮಾದ 80ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು. ಕೆಲವರು ರೋಗದಿಂದ. ಇನ್ನು ಹಲವರು, ಅಲ್ಲಿನವರು ಹೇಳುವ ಪ್ರಕಾರ, ತಮ್ಮ ಹೊಟ್ಟೆ ತಾವೇ ಸೀಳಿಕೊಂಡು. ಮುಂದಾಳು ಹಿರಾತಾ ಯುಕಿಯೆ ಕೂಡ ಕೆಲಸ ಮುಗಿದ ಮೇಲೆ ಅಲ್ಲೇ ಪ್ರಾಣ ಬಿಟ್ಟರು.

ಆ ಕೆಲಸದಲ್ಲಿ ಅಬುರಾಜಿಮಾ ಎಂಬ ಜಾಗದಲ್ಲಿ ಕಿಸೊ ಮತ್ತು ಇಬಿಯ ನಡುವೆ ಒಡ್ಡು ಹಾಕಿದರು. ಆದರೆ ಪೂರ್ತಿ ಮುಚ್ಚಲಿಲ್ಲ. ನಡುವೆ ಸಂದು ಬಿಟ್ಟರು. ಮುಚ್ಚಿದರೆ ಮೇಲಿನ ಊರುಗಳಲ್ಲಿ ನೀರು ನಿಲ್ಲುತ್ತದೆ, ದೋಣಿ ಓಡಾಡಲು ಆಗುವುದಿಲ್ಲ ಎಂಬ ತಕರಾರು ಇತ್ತು. ತಕರಾರು ಸುಳ್ಳೂ ಆಗಿರಲಿಲ್ಲ. ಅರ್ಧ ಮುಚ್ಚಿದ ಒಡ್ಡು ಅರ್ಧ ಕೆಲಸ ಮಾಡಿತು. 80ಕ್ಕೂ ಹೆಚ್ಚು ಜೀವ ಹೋದ ಮೇಲೂ ನದಿಗಳು ಸಂದಿನಲ್ಲಿ ಕೂಡುತ್ತಲೇ ಇದ್ದವು.

ಏರಿ ಕೆಲಸದವನ ಮಗ

ಡಿ ರೈಕೆ ಹುಟ್ಟಿದ್ದು 1842ರ ಡಿಸೆಂಬರ್ 5ರಂದು, ನೆದರ್ಲೆಂಡ್ಸಿನ ಝೀಲೆಂಡ್ ಪ್ರಾಂತ್ಯದ ಕೊಲೈನ್ಸ್‌ಪ್ಲಾಟ್ ಎಂಬ ಊರಿನಲ್ಲಿ. ಅದು ನೂರ್ಡ್ ಬೇವೆಲೆಂಡ್ ದ್ವೀಪದಲ್ಲಿದೆ. ಸುತ್ತ ಸಮುದ್ರದ ಹಿನ್ನೀರು, ಊರಿಗೆ ಏರಿಯೇ ಕಾವಲು. ಅಪ್ಪ ಏರಿ ಕೆಲಸದವರು. ಆ ಭಾಗದಲ್ಲಿ ಉಬ್ಬರ ಇಳಿತದ ಸೆಳೆತ ಏರಿಯ ಬುಡದ ಮರಳನ್ನು ನೀರಿನೊಳಗೇ ಕೊರೆಯುತ್ತದೆ. ಮೇಲಿನಿಂದ ನೋಡಿದರೆ ಏರಿ ಗಟ್ಟಿಯಾಗಿ ಕಾಣುತ್ತದೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಜಾರಿ ನೀರಿಗೆ ಹೋಗುತ್ತದೆ. ಏರಿಯ ಬುಡ ಕಾಯಬೇಕು ಎಂಬ ಪಾಠ ಅಲ್ಲಿ ಹುಟ್ಟಿದವರಿಗೆ ಶಾಲೆಯಲ್ಲಿ ಕಲಿಸಬೇಕಾಗಿಲ್ಲ.

ಡಿ ರೈಕೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿದವರಲ್ಲ. ಯಾಕೋಬಸ್ ಲೆಬ್ರೆಟ್ ಎಂಬ ಹಿರಿಯ ಜಲ ಎಂಜಿನಿಯರ್ ಅವರಿಗೆ ಗಣಿತ, ಯಂತ್ರಶಾಸ್ತ್ರ ಹೇಳಿಕೊಟ್ಟರು. ಮುಂದೆ ಆಮ್‌ಸ್ಟರ್‌ಡ್ಯಾಮನ್ನು ಉತ್ತರ ಸಮುದ್ರಕ್ಕೆ ಸೇರಿಸುವ ಕಾಲುವೆಯ ಕೆಲಸದಲ್ಲಿ, ಸ್ಕೆಲಿಂಗ್‌ವೌಡೆಯ ಒರಾನ್ಯೆ ಲಾಕ್‌ಗಳನ್ನು ಕಟ್ಟುವಾಗ ಅವರು ಮೇಲ್ವಿಚಾರಕರಾಗಿದ್ದರು. ಒಂದು ಕಡೆಯ ನೀರು ಎತ್ತರ, ಇನ್ನೊಂದು ಕಡೆಯದು ತಗ್ಗು, ನಡುವೆ ಹಡಗು ದಾಟಿಸುವುದು ಹೇಗೆ ಎಂಬುದನ್ನು ಕಲ್ಲು, ಮರದ ಕೆಲಸದ ನಡುವೆ ನಿಂತು ಕಲಿತರು.

ಆ ಹೊತ್ತಿಗೆ ಜಪಾನಿನಲ್ಲಿ ಶೋಗನ್ ಆಳ್ವಿಕೆ ಹೋಗಿ ಚಕ್ರವರ್ತಿಯ ಹೆಸರಿನಲ್ಲಿ ಬಂದಿದ್ದ ಹೊಸ ಮೇಜಿ ಸರಕಾರ ಹೊರದೇಶದ ಪರಿಣತರನ್ನು ಸಂಬಳ ಕೊಟ್ಟು ಕರೆಸುತ್ತಿತ್ತು. ನೀರಿನ ಕೆಲಸಕ್ಕೆ ಡಚ್ಚರು. ಎರಡು ಶತಮಾನಕ್ಕೂ ಹೆಚ್ಚು ಕಾಲ ನಾಗಸಾಕಿಯಲ್ಲಿ ವ್ಯಾಪಾರಕ್ಕೆ ಬಿಟ್ಟಿದ್ದ ಯುರೋಪಿಯನ್ನರು ಅವರೊಬ್ಬರೇ, ಹಾಗಾಗಿ ಪರಿಚಯ ಹಳೆಯದು. 1872ರಲ್ಲಿ ಮುಖ್ಯ ಎಂಜಿನಿಯರ್ ಆಗಿ ವಾನ್ ಡೋರ್ನ್ ಬಂದರು. 1873ರಲ್ಲಿ ಜಾರ್ಜ್ ಎಶರ್ ಮತ್ತು ಡಿ ರೈಕೆ ಬಂದರು. ಈ ಎಶರ್ ಅವರ ಮಗನೇ ಮುಂದೆ ವಿಚಿತ್ರ ಮೆಟ್ಟಿಲುಗಳ ಚಿತ್ರಗಳಿಂದ ಜಗತ್ತಿಗೆ ಗೊತ್ತಾದ ಎಂ. ಸಿ. ಎಶರ್. ಎಶರ್‌ಗೆ ಪದವಿ ಇತ್ತು, ಮೇಲಿನ ದರ್ಜೆ ಸಿಕ್ಕಿತು. ಪದವಿ ಇಲ್ಲದ ಡಿ ರೈಕೆಗೆ ಸಿಕ್ಕಿದ್ದು ನಾಲ್ಕನೇ ದರ್ಜೆ. ಎಶರ್ 1878ರಲ್ಲಿ ಊರಿಗೆ ಹೋದರು. ನಾಲ್ಕನೇ ದರ್ಜೆಯವರು 30 ವರ್ಷ ಉಳಿದರು. ಜೊತೆಯಲ್ಲಿ ಬಂದಿದ್ದ ತಂಗಿಯನ್ನೂ ಹೆಂಡತಿಯನ್ನೂ ಆ ದೇಶದಲ್ಲೇ ಕಳೆದುಕೊಂಡರು. ಒಮ್ಮೆ ಊರಿಗೆ ಹೋಗಿ ಬಂದು ಮತ್ತೆ ಕೆಲಸಕ್ಕೆ ನಿಂತರು.

ಮೊದಲು ಬೆಟ್ಟ ನೋಡಿದರು

1878ರಲ್ಲಿ ಸರಕಾರ ಡಿ ರೈಕೆಯನ್ನು ಕಿಸೊ ಬಯಲಿಗೆ ಕಳಿಸಿತು. ಸುಮ್ನೆ ಕಳಿಸಲಿಲ್ಲ. ವಾಜು ಊರುಗಳ ಮುಖಂಡರು, ಅವರಲ್ಲಿ ಕತಾನೊ ಮಾನೆಮೊನ್ ಎಂಬ ಹಿರಿಯರು, ನದಿಗಳನ್ನು ಬೇರೆ ಮಾಡಿಕೊಡಿ ಎಂದು ಮನವಿ ಮೇಲೆ ಮನವಿ ಕೊಟ್ಟಿದ್ದರು. ಕೆಲಸ ಶುರುವಾಗುವುದನ್ನು ನೋಡುವ ಮೊದಲೇ ಕತಾನೊ ತೀರಿಕೊಂಡರು. ಈ ಪ್ರಕರಣ ಹೇಳುವಾಗ ಡಿ ರೈಕೆಯ ಹೆಸರು ಮಾತ್ರ ಹೇಳಿ ಇವರನ್ನು ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಆ ವರ್ಷ ಡಿ ರೈಕೆ ಬರೆದ ವರದಿಯಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು ಏರಿಯ ಮಾತಲ್ಲ, ಬೆಟ್ಟದ ಮಾತು. ನದಿ ಕೆಟ್ಟಿರುವುದು ಮೇಲಿನಿಂದ ಬರುವ ಮರಳಿನಿಂದ, ಮರಳು ಬರುತ್ತಿರುವುದು ಮರ ಕಡಿದು ಬೋಳಾದ ಬೆಟ್ಟದಿಂದ ಎಂದು ಅವರು ಹೇಳಿದರು. ಒಸಾಕಾದ ಯೊದೊ ನದಿಯಲ್ಲಿ ಅವರು ಅದನ್ನೇ ಕಂಡಿದ್ದರು. ಅಲ್ಲಿ ಬಂದರು ಹೂಳಿನಿಂದ ಮುಚ್ಚಿಹೋಗುತ್ತಿತ್ತು. ಹೂಳಿನ ಜಾಡು ಹಿಡಿದು ಅವರು ಬೆಟ್ಟ ಹತ್ತಿದ್ದರು.

ಇದನ್ನು ಸ್ವಲ್ಪ ಬಿಡಿಸಿ ನೋಡೋಣ. ಏರಿ ಇಲ್ಲದ ನದಿ ನೆರೆ ಬಂದಾಗ ತನ್ನ ಮರಳನ್ನು ಬಯಲಿನ ಮೇಲೆಲ್ಲ ಹರಡುತ್ತದೆ. ಎರಡೂ ಕಡೆ ಏರಿ ಕಟ್ಟಿದರೆ ಮರಳಿಗೆ ಹೋಗಲು ಜಾಗ ಇಲ್ಲ. ಅದು ನದಿಯ ತಳದಲ್ಲೇ ಕೂರುತ್ತದೆ. ತಳ ಏರುತ್ತದೆ. ತಳ ಏರಿದರೆ ಏರಿ ಎತ್ತರಿಸಬೇಕು. ಎತ್ತರಿಸಿದರೆ ಮತ್ತೆ ತಳ ಏರುತ್ತದೆ. ಕೊನೆಗೆ ನದಿ ಊರಿನ ಮಾಳಿಗೆಗಿಂತ ಮೇಲೆ ಹರಿಯುತ್ತದೆ. ಅದು ಒಡೆದ ದಿನ ಏನಾಗಬಹುದು, ಹೇಳಬೇಕಾಗಿಲ್ಲ ಅಲ್ವಾ?

ಅದಕ್ಕೇ ಡಿ ರೈಕೆ ಹಳ್ಳಗಳಿಗೆ ಕಲ್ಲಿನ ತಡೆಗೋಡೆ ಕಟ್ಟಿ, ಬೋಳು ಇಳಿಜಾರಿನಲ್ಲಿ ಗಿಡ ನೆಡಿ ಎಂದರು. ಯೋರೊ ಬೆಟ್ಟದ ಹನೆದಾನಿ ಹಳ್ಳದಲ್ಲಿ ಅವರ ಮಾರ್ಗದರ್ಶನದಲ್ಲಿ ಎದ್ದ ಕಲ್ಲುಕಟ್ಟೆ ಸುಮಾರು 12 ಮೀಟರ್ ಎತ್ತರ ಇದೆ. ಅದು ಇವತ್ತಿಗೂ ಅಲ್ಲೇ ನಿಂತು ಮರಳು ಹಿಡಿಯುತ್ತಿದೆ. ತೀರ ತಗ್ಗಿನ, ಬೆಟ್ಟವೇ ಇಲ್ಲದ ದೇಶದಿಂದ ಬಂದವರು ಬೆಟ್ಟದ ಹಳ್ಳವನ್ನು ಇಷ್ಟು ಚೆನ್ನಾಗಿ ಓದಿದ್ದು ನನಗೆ ಇವತ್ತಿಗೂ ಸೋಜಿಗ.

ಯೋಜನೆ

1881ರಲ್ಲಿ, ಮತ್ತೆ 1884, 1885ರಲ್ಲಿ ನೆರೆ ಬಂತು. ಸರಕಾರ ಪೂರ್ತಿ ಯೋಜನೆ ಮಾಡಲು ಹೇಳಿತು. ಜಪಾನಿನ ಎಂಜಿನಿಯರುಗಳ ಜೊತೆ ಅಳತೆ, ನಕ್ಷೆ ಎಲ್ಲ ಮಾಡಿ ಡಿ ರೈಕೆ 1886ರಲ್ಲಿ ಯೋಜನೆ ಮುಗಿಸಿದರು. ಕೇಳಲು ಸರಳ. ಮೂರು ನದಿಗೂ ಬೇರೆ ಬೇರೆ ಪಾತ್ರ, ಬೇರೆ ಬೇರೆ ಬಾಯಿ. ಒಂದರ ನೀರು ಇನ್ನೊಂದಕ್ಕೆ ಹೋಗಕೂಡದು.

ಅದಕ್ಕಾಗಿ ಕಿಸೊ ನದಿಗೆ ತತ್ಸುತಾ ವಾಜುವನ್ನು ಸೀಳಿಕೊಂಡು ಹೊಸ ಪಾತ್ರ ತೋಡಬೇಕು. ನಾಗರಾಕ್ಕೂ ಹೊಸ ಪಾತ್ರ. ಎರಡರ ನಡುವೆ ಒಂದೇ ಏರಿ, ಒಂದು ಮಗ್ಗುಲಿಗೆ ಕಿಸೊ, ಇನ್ನೊಂದು ಮಗ್ಗುಲಿಗೆ ನಾಗರಾ. ನದಿಗಳನ್ನು ಅಡ್ಡಡ್ಡ ಕೂಡಿಸುತ್ತಿದ್ದ ಹಳೆಯ ಕವಲುಗಳನ್ನು ಮುಚ್ಚಬೇಕು. ಅಬುರಾಜಿಮಾದಲ್ಲಿ ಸತ್ಸುಮಾದವರು ಬಿಟ್ಟ ಸಂದನ್ನು ಪೂರ್ತಿ ಕಟ್ಟಬೇಕು. ಅಳಿವೆಯಲ್ಲಿ ಮರಳು ನಿಲ್ಲದ ಹಾಗೆ ಸಮುದ್ರದೊಳಕ್ಕೆ ಉದ್ದನೆಯ ಕಲ್ಲುಗೋಡೆ ಚಾಚಬೇಕು.

ಇದರಲ್ಲಿ ಯಾವುದೂ ಅಲ್ಲಿವರೆಗೆ ಯಾರಿಗೂ ಹೊಳೆಯದ್ದಲ್ಲ. ಸತ್ಸುಮಾ ಕಾಲಕ್ಕೆ ಇಲ್ಲದೆ ಇದ್ದದ್ದು ಬೇರೆ. ಆಗ ಒಂದೊಂದು ದಂಡೆಗೆ ಒಬ್ಬೊಬ್ಬ ದೊರೆ. ಎಲ್ಲರ ಹಿತ ಬೇರೆ, ಎಲ್ಲರ ಏರಿ ಬೇರೆ. 1880ರ ದಶಕದಲ್ಲಿ ಮೊದಲ ಬಾರಿಗೆ ಬೆಟ್ಟದಿಂದ ಕೊಲ್ಲಿಯವರೆಗೆ, ಎರಡೂ ದಂಡೆಗೆ, ಮೂರೂ ನದಿಗೆ ಸೇರಿಸಿ ಒಂದೇ ಕೈಯಿಂದ ತೀರ್ಮಾನ ಮಾಡುವ ಸರಕಾರ ಇತ್ತು. ಡಿ ರೈಕೆ ಆ ಅವಕಾಶಕ್ಕೆ ತಕ್ಕ ನಕ್ಷೆ ಕೊಟ್ಟರು. ಅವರು ಯಾವ ದಂಡೆಯವರೂ ಆಗಿರಲಿಲ್ಲ. ಅವರ ದೊಡ್ಡ ಬಲ ಅದೇ ಎಂದು ನನ್ನ ಅನಿಸಿಕೆ.

ರೆಂಬೆಯ ಚಾಪೆ

ಮೆತ್ತನೆ ಮರಳಿನ ಮೇಲೆ ಕಲ್ಲು ಹಾಕಿದರೆ ಕಲ್ಲು ಮುಳುಗುತ್ತದೆ. ಹರಿಯುವ ನೀರು ಕಲ್ಲಿನ ಸಂದಿನಿಂದ ಮರಳನ್ನು ಹೀರುತ್ತದೆ, ಕಲ್ಲು ಇನ್ನೂ ಕೆಳಗೆ ಹೋಗುತ್ತದೆ. ಇದಕ್ಕೆ ಡಚ್ಚರ ಬಳಿ ಹಳೆಯ ಉಪಾಯ ಒಂದಿತ್ತು. ಡಿ ರೈಕೆ ಹುಟ್ಟಿದ ಊರಿನ ಏರಿಯ ಬುಡದಲ್ಲೂ ಅದೇ ಇತ್ತು.

ಬೆಟ್ಟದಿಂದ ಹೆಬ್ಬೆರಳು ದಪ್ಪದ ಹಸಿ ರೆಂಬೆಗಳನ್ನು ಕಡಿದು ತರುತ್ತಾರೆ. ಅವನ್ನು ಉದ್ದುದ್ದ ಜೋಡಿಸಿ ಹಗ್ಗದಿಂದ ಬಿಗಿದು ತೊಲೆಯಂಥ ಕಟ್ಟು ಮಾಡುತ್ತಾರೆ. ಆ ಕಟ್ಟುಗಳನ್ನು ದಡದಲ್ಲಿ ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಕೂಡುವ ಕಡೆಯಲ್ಲೆಲ್ಲ ಗಂಟು ಹಾಕಿದರೆ ದೊಡ್ಡ ಜಾಲರಿ. ಅದರ ಮೇಲೆ ಬಿಡಿ ರೆಂಬೆಯ ಹಾಸು, ಅದರ ಮೇಲೆ ಅಡ್ಡ ದಿಕ್ಕಿಗೆ ಇನ್ನೊಂದು ಹಾಸು, ಮತ್ತೊಂದು. ಕೊನೆಗೆ ಮೇಲೊಂದು ಜಾಲರಿ ಇಟ್ಟು ಕೆಳಗಿನದಕ್ಕೆ ಸೇರಿಸಿ ಬಿಗಿಯುತ್ತಾರೆ. ಮೇಲ್ಗಡೆ ಗೂಟ ಹೊಡೆದು, ಬುಟ್ಟಿ ಹೆಣೆದ ಹಾಗೆ ರೆಂಬೆ ಹೆಣೆದು ಮೊಣಕಾಲುದ್ದದ ಬೇಲಿ ಮಾಡುತ್ತಾರೆ. ಅಂಗಳದಷ್ಟು ದೊಡ್ಡ ಚಾಪೆ ಅದು. ಮರವಾದ್ದರಿಂದ ತೇಲುತ್ತದೆ. ದೋಣಿಯಿಂದ ಎಳೆದು ಜಾಗಕ್ಕೆ ತಂದು ಲಂಗರು ಹಾಕುತ್ತಾರೆ. ನಂತರ ಸುತ್ತ ದೋಣಿ ನಿಲ್ಲಿಸಿ ಎಲ್ಲರೂ ಒಟ್ಟಿಗೆ ಕಲ್ಲು ಹೇರುತ್ತಾರೆ. ಬೇಲಿ ಇರುವುದು ಅದಕ್ಕೇ, ಕಲ್ಲು ಜಾರಬಾರದು. ಒಂದು ಮಗ್ಗುಲಿಗೆ ಜಾಸ್ತಿ ಬಿದ್ದರೆ ಚಾಪೆ ಮಗುಚುತ್ತದೆ. ಸಮನಾಗಿ ಹೇರಿದರೆ ಚಪ್ಪಟೆಯಾಗಿ ತಳಕ್ಕೆ ಇಳಿದು ಕೂರುತ್ತದೆ.

ಇದರ ಜಾಣತನ ಮೆತುತನದಲ್ಲಿದೆ. ಅಂಚಿನಲ್ಲಿ ನೀರು ಮರಳು ಕೊರೆದರೆ ಚಾಪೆ ಬಾಗಿ ಆ ಗುಂಡಿಗೂ ಹೊದಿಕೆಯಾಗುತ್ತದೆ. ಯಾವಾಗಲೂ ನೀರಿನೊಳಗೆ, ಗಾಳಿ ತಾಗದೆ ಇರುವ ರೆಂಬೆ ಬೇಗ ಕೊಳೆಯುವುದೂ ಇಲ್ಲ. ಇದಕ್ಕೆ ಬೇಕಾದದ್ದು ರೆಂಬೆ, ಹಗ್ಗ, ಕಲ್ಲು, ಕೈ. ಎಲ್ಲ ಊರಿನಲ್ಲೇ ಸಿಗುವಂಥದ್ದು. ಜಪಾನಿನವರು ಈ ವಿದ್ಯೆಯನ್ನು ಕಲಿತು ಇಟ್ಟುಕೊಂಡರು. ಇಂದಿಗೂ ಕೆಲವು ನದಿಗಳಲ್ಲಿ ರೆಂಬೆಯ ಚಾಪೆ ಮುಳುಗಿಸುತ್ತಾರೆ.

ಈ ಚಾಪೆಯ ಮೇಲೆ ಕಲ್ಲು ಪೇರಿಸಿ ದಡದಿಂದ ನದಿಯ ನಡುವಿಗೆ ಚಾಚಿದ ಅಡ್ಡ ಒಡ್ಡುಗಳನ್ನು ಕಟ್ಟಿದರು. ಒಂದರ ಕೆಳಗೆ ಒಂದು, ಬಾಚಣಿಗೆಯ ಹಲ್ಲಿನ ಹಾಗೆ. ಬೇಸಿಗೆಯ ಕಮ್ಮಿ ನೀರನ್ನು ಅವು ನಡುವಿಗೆ ಒತ್ತುತ್ತವೆ. ಒತ್ತಿದ ನೀರು ತಾನೇ ತಳ ಕೊರೆದುಕೊಂಡು ದೋಣಿಗೆ ಬೇಕಾದ ಆಳ ಮಾಡಿಕೊಡುತ್ತದೆ. ಇಂಥ ಒಡ್ಡಿಗೆ ಡಚ್ಚಿನಲ್ಲಿ ಕ್ರಿಬ್ ಎನ್ನುತ್ತಾರೆ, ಹಲವಾದರೆ ಕ್ರಿಬ್ಬನ್. ಜಪಾನಿಯರ ಬಾಯಲ್ಲಿ ಅದು ಕೆರೆಪ್ಪು ಆಯಿತು. ಆ ಪದ ಅಲ್ಲಿನ ಎಂಜಿನಿಯರುಗಳ ಮಾತಿನಲ್ಲಿ ಹಾಗೇ ಉಳಿದಿದೆ.

25 ವರ್ಷ

1887ರಲ್ಲಿ ಗುದ್ದಲಿ ಬಿತ್ತು. ಮಣ್ಣು ಬಹುಪಾಲು ಕೈಯಲ್ಲೇ ಎತ್ತಿದ್ದು. ಜೊತೆಗೆ ಆವಿಯಿಂದ ನಡೆಯುವ ಹೂಳೆತ್ತುವ ಯಂತ್ರವೂ ಬಂತು. ಹೊಸ ನದಿಗೆ ಜಾಗ ಬೇಕಾಯಿತು. ಆ ಜಾಗ ಯಾರದೋ ಗದ್ದೆ, ಯಾರದೋ ಮನೆ, ಯಾರದೋ ಹಿರಿಯರ ಸಮಾಧಿ. ನೂರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಉಳಿದವರ ಊರು ಮುಳುಗದಿರಲಿ ಎಂದು ಇವರ ಊರು ನದಿಯೊಳಕ್ಕೆ ಹೋಯಿತು. ಏರಿಯ ಮೇಲೆ ನಿಂತು ಹೊಸ ಕಿಸೊ ನೋಡುವವರಿಗೆ ಆ ಅಗಲದ ನೀರಿನ ಕೆಳಗೆ ಬತ್ತದ ಗದ್ದೆ ಇತ್ತು ಎಂದು ಗೊತ್ತಾಗುವುದೇ ಇಲ್ಲ.

1891ರ ಅಕ್ಟೋಬರ್ 28ರ ಬೆಳಗ್ಗೆ ನೋಬಿ ಭೂಕಂಪ ಆಯಿತು. 7,000ಕ್ಕೂ ಹೆಚ್ಚು ಜನ ಸತ್ತರು. ಕಟ್ಟುತ್ತಿದ್ದ ಏರಿಗಳು ಬಿರಿದು ಕುಸಿದವು. ಮಣ್ಣಿನ ಏರಿ ಅಲುಗಿದಾಗ ಒಳಗೆ ಸಡಿಲಾಗುತ್ತದೆ, ಕಾಣದ ಬಿರುಕು ಉಳಿಯುತ್ತದೆ. ಸರಿ ಮಾಡಿ ಮುಂದುವರಿದರು. 1896ರ ಜುಲೈ ಮತ್ತು ಸೆಪ್ಟೆಂಬರಿನಲ್ಲಿ ಭಾರಿ ನೆರೆ ಬಂತು. ಓಗಾಕಿ ಊರು ಮುಳುಗಿತು. ಅಲ್ಲಿನ ಕೋಟೆಯ ಕಲ್ಲುಗೋಡೆಯ ಮೇಲೆ ಆ ದಿನ ನೀರು ಎಲ್ಲಿವರೆಗೆ ಬಂದಿತ್ತು ಎಂದು ಗುರುತು ಕೆತ್ತಿದ್ದಾರೆ. ಕೆಲಸ ಇನ್ನೂ ಅರ್ಧದಲ್ಲಿದ್ದಾಗ ಬಂದ ನೆರೆ, ಹಾಗಾಗಿ ಪೂರ್ತಿ ಪರೀಕ್ಷೆ ಎನ್ನಲಾಗದು.

ಅದೇ 1896ರಲ್ಲಿ ಜಪಾನ್ ನದಿ ಕಾಯಿದೆ ತಂದಿತು. ಇಷ್ಟರಲ್ಲಿ ಕಾಲವೂ ಬದಲಾಗಿತ್ತು. 1889ರಲ್ಲಿ ಟೋಕಿಯೊದಿಂದ ಕೋಬೆವರೆಗೆ ರೈಲು ಪೂರ್ತಿಯಾಗಿ, ಸರಕು ದೋಣಿಯಿಂದ ರೈಲಿಗೆ ಹೋಗತೊಡಗಿತ್ತು. ನದಿ ಕೆಲಸದ ಗುರಿ ದೋಣಿಯ ದಾರಿಯಿಂದ ನೆರೆ ತಡೆಯುವ ಕಡೆಗೆ ತಿರುಗಿತು. ವಿದೇಶದಲ್ಲಿ ಓದಿ ಬಂದ ಜಪಾನಿನ ಎಂಜಿನಿಯರುಗಳು ದೊಡ್ಡ ಕೆಲಸಗಳನ್ನು ಕೈಗೆತ್ತಿಕೊಂಡರು. ಡಿ ರೈಕೆ ಸಲಹೆಗಾರರಾಗಿ ಪಕ್ಕಕ್ಕೆ ಸರಿದರು. ಬಡ್ತಿ ಮಾತ್ರ ಬಂದಿತ್ತು. ನಾಲ್ಕನೇ ದರ್ಜೆಯಲ್ಲಿ ಸೇರಿದವರಿಗೆ 1891ರಲ್ಲಿ ಉಪಮಂತ್ರಿಗೆ ಸಮನಾದ ಗೌರವ ಕೊಟ್ಟರು.

1900ರ ಏಪ್ರಿಲ್‌ನಲ್ಲಿ ಮೂರು ನದಿ ಬೇರೆಯಾದ ಸಮಾರಂಭ ನಡೆಯಿತು. ಪ್ರಧಾನಿ ಯಾಮಾಗಾತಾ ಅರಿತೊಮೊ ಬಂದಿದ್ದರು. ಅದೇ ದಿನ ಅಬುರಾಜಿಮಾದಲ್ಲಿ ಸತ್ಸುಮಾದವರ ನೆನಪಿಗೆ ಕಲ್ಲು ನಿಲ್ಲಿಸಿದರು. ಸಂದು ಬಿಟ್ಟ ಒಡ್ಡು 145 ವರ್ಷದ ಮೇಲೆ ಮುಚ್ಚಿತ್ತು.

ಕೈ ಮುಗಿದ ಬಾಗಿಲು

ಮುಚ್ಚಿದ ಮೇಲೆ ಸತ್ಸುಮಾ ಕಾಲದ ಹಳೆಯ ತಕರಾರು ಮತ್ತೆ ಎದ್ದಿತು. ದೋಣಿ, ಮರದ ತೆಪ್ಪ ಹೋಗುವುದು ಹೇಗೆ? ಕಿಸೊ ಮತ್ತು ನಾಗರಾ ನಡುವೆ ಈಗ ಏರಿ ಇದೆ. ಮೊದಲು ಅಡ್ಡ ಹೋಗುತ್ತಿದ್ದವರು ಸಮುದ್ರದವರೆಗೆ ಇಳಿದು ಸುತ್ತಿ ಬರಬೇಕು.

ಇದಕ್ಕೆ ಸೆಂದೊಹಿರಾ ಎಂಬಲ್ಲಿ ಏರಿಯ ನಡುವೆ ಲಾಕ್ ಕಟ್ಟಿದರು, 1902ರಲ್ಲಿ ಮುಗಿಯಿತು. ಲಾಕ್ ಎಂದರೆ ನೀರಿನ ಕೋಣೆ. ಎರಡು ತುದಿಗೂ ಬಾಗಿಲು. ದೋಣಿ ಒಳಗೆ ಬಂದ ಮೇಲೆ ಹಿಂದಿನ ಬಾಗಿಲು ಹಾಕಿ, ಮುಂದಿನ ನದಿಯ ಮಟ್ಟಕ್ಕೆ ನೀರು ಏರಿಸಿಯೋ ಇಳಿಸಿಯೋ, ಮುಂದಿನ ಬಾಗಿಲು ತೆಗೆಯುವುದು. ಬಾಗಿಲಿಗೆ ಎರಡು ಕದ. ಮುಚ್ಚಿದಾಗ ಅವು ಕೈ ಮುಗಿಯಲು ಹೊರಟ ಅಂಗೈಗಳ ಹಾಗೆ ಎತ್ತರದ ನೀರಿನ ಕಡೆಗೆ ಚೂಪಾಗಿ ಕೂಡುತ್ತವೆ. ಎತ್ತರದ ನೀರೇ ಅವನ್ನು ಒತ್ತಿ ಬಿಗಿಯಾಗಿ ಮುಚ್ಚಿಡುತ್ತದೆ. ಆದರೆ ಇಲ್ಲೊಂದು ತೊಡಕು. ಕಿಸೊ ಎತ್ತರವೋ ನಾಗರಾ ಎತ್ತರವೋ ಎಂಬುದು ಉಬ್ಬರ, ನೆರೆ ನೋಡಿ ಬದಲಾಗುತ್ತದೆ. ಒಂದೇ ದಿಕ್ಕಿಗೆ ಚೂಪಾದ ಬಾಗಿಲು ಹಿಂದಿನಿಂದ ತಳ್ಳಿದರೆ ತೆರೆದುಕೊಳ್ಳುತ್ತದೆ. ಅದಕ್ಕೆ ಪ್ರತಿ ತುದಿಗೂ ಎರಡು ಜೋಡಿ ಕದ ಇಟ್ಟರು. ಒಂದು ಜೋಡಿ ಕಿಸೊ ಕಡೆ ಮುಖ, ಇನ್ನೊಂದು ನಾಗರಾ ಕಡೆ ಮುಖ. ಈ ಲಾಕ್ ಈಗಲೂ ಓಡುತ್ತದೆ. 2000ದಲ್ಲಿ ಅದನ್ನು ರಾಷ್ಟ್ರದ ಮುಖ್ಯ ಸಾಂಸ್ಕೃತಿಕ ಆಸ್ತಿಗಳ ಪಟ್ಟಿಗೆ ಸೇರಿಸಿದ್ದಾರೆ. ಪಕ್ಕದ ತೋಟದಲ್ಲಿ 1987ರಲ್ಲಿ ನಿಲ್ಲಿಸಿದ ಡಿ ರೈಕೆಯ ಪ್ರತಿಮೆ ಇದೆ.

ಅವರು 1903ರಲ್ಲಿ ಜಪಾನ್ ಬಿಟ್ಟರು. 1906ರಿಂದ 1910ರವರೆಗೆ ಶಾಂಘೈಯಲ್ಲಿ ಹುವಾಂಗ್‌ಪು ನದಿಯ ಹಡಗುದಾರಿ ಆಳ ಮಾಡುವ ಕೆಲಸದ ಮುಖ್ಯಸ್ಥರಾಗಿದ್ದರು. 1913ರ ಜನವರಿ 20ರಂದು ಆಮ್‌ಸ್ಟರ್‌ಡ್ಯಾಮಿನಲ್ಲಿ ತೀರಿಕೊಂಡರು. ಕಿಸೊ ಕೆಲಸ ಪೂರ್ತಿಯಾಗಿ ಒಂದು ವರ್ಷವೂ ಆಗಿರಲಿಲ್ಲ.

ಆಮೇಲೆ

ಕೆಲಸ ಫಲ ಕೊಟ್ಟಿತೇ? ಕೊಟ್ಟಿತು. ಏರಿ ಒಡೆಯುವುದು, ಮನೆ ಕೊಚ್ಚಿಹೋಗುವುದು, ಜನ ಸಾಯುವುದು ಮೊದಲಿಗಿಂತ ಬಹಳ ಕಮ್ಮಿಯಾಯಿತು. ಕಿಸೊ ನೀರು ಇಬಿ ಕಡೆಯವರ ಮನೆಗೆ ಬರುವುದು ನಿಂತಿತು. ಯೋಜನೆ ಹೊರಟಿದ್ದೇ ಅದಕ್ಕೆ.

ಯಾರೂ ಲೆಕ್ಕ ಹಾಕದ ಇನ್ನೊಂದು ಫಲವೂ ಬಂತು. ದೋಣಿಗಾಗಿ ಕಟ್ಟಿದ ಅಡ್ಡ ಒಡ್ಡುಗಳ ನಡುವೆ ಮರಳು ಕೂತು, ನಿಂತ ನೀರಿನ ಸಣ್ಣ ಸಣ್ಣ ಕೊಳಗಳಾದವು. ಅವಕ್ಕೆ ವಾಂದೊ ಎನ್ನುತ್ತಾರೆ. ದೋಣಿಗಳು ಹೋದವು, ಕೊಳಗಳು ಉಳಿದವು. ಇತಾಸೆನ್‌ಪಾರಾ ಎಂಬ ಅಪರೂಪದ ಚಪ್ಪಟೆ ಮೀನು ಕಿಸೊದಲ್ಲೂ ಯೊದೊದಲ್ಲೂ ಇಂಥ ಕೊಳಗಳನ್ನು ನೆಚ್ಚಿ ಬದುಕಿದೆ. ಅದು ಜೀವಂತ ಸಿಹಿನೀರಿನ ಚಿಪ್ಪಿನೊಳಗೆ ಮೊಟ್ಟೆ ಇಡುತ್ತದೆ. ಚಿಪ್ಪು ಬದುಕಲು ಮೆತ್ತನೆ ತಳ, ಮಂದ ನೀರು ಬೇಕು. ಎರಡೂ ಆ ಒಡ್ಡುಗಳ ಮರೆಯಲ್ಲಿ ಸಿಕ್ಕವು.

ಯೋಜನೆ ಕಾಣದ ಕಡೆಯಿಂದಲೂ ನೀರು ಬಂತು. 1959ರ ಸೆಪ್ಟೆಂಬರ್ 26ರ ರಾತ್ರಿ ಇಸೆ ಕೊಲ್ಲಿಯ ಚಂಡಮಾರುತದಲ್ಲಿ ಸಮುದ್ರವೇ ಎದ್ದು ಏರಿ ಹಾರಿತು. 5,000ಕ್ಕೂ ಹೆಚ್ಚು ಜನ ಸತ್ತರು. ನದಿಗಳನ್ನು ಬೇರೆ ಮಾಡಿದ್ದಕ್ಕೂ ಆ ನೀರಿಗೂ ಸಂಬಂಧ ಇರಲಿಲ್ಲ. ಆದರೆ ನದಿ ಭಯ ಹೋದ ಮೇಲೆ ತಗ್ಗಿನಲ್ಲಿ ಮನೆ, ಕಾರ್ಖಾನೆ ಜಾಸ್ತಿಯಾಗಿದ್ದವು. ಇದನ್ನು ಡಿ ರೈಕೆಯ ತಪ್ಪು ಎನ್ನಲು ನಾನು ಒಪ್ಪುವುದಿಲ್ಲ. ಪ್ರಕರಣದಿಂದ ಬಿಟ್ಟುಬಿಡಲೂ ಒಪ್ಪುವುದಿಲ್ಲ.

1976ರ ಸೆಪ್ಟೆಂಬರಿನಲ್ಲಿ ಇನ್ನೊಂದು ಚಂಡಮಾರುತ ದಿನಗಟ್ಟಲೆ ಕದಲದೆ ಮಳೆ ಸುರಿಸಿತು. ನಾಗರಾ ನದಿಯ ನೀರು ಏರಿ, ಇಳಿದು, ಮತ್ತೆ ಏರಿ, ಏರಿಯ ಮಣ್ಣು ನೆನೆದುಹೋಗಿತ್ತು. 12ರ ಬೆಳಗ್ಗೆ ಅನ್‌ಪಾಚಿ ಊರಿನ ಬಳಿ ಬಲದಂಡೆ ಒಡೆಯಿತು. ಅನ್‌ಪಾಚಿ, ಸುನೊಮಾತಾ ಮುಳುಗಿದವು. ನೀರು ದಕ್ಷಿಣಕ್ಕೆ ವಾನೊಉಚಿ ಕಡೆ ಹೊರಟಿತು. ಅಲ್ಲಿ ಅಡ್ಡಲಾಗಿ ಹಳೆಯ ವಾಜುವಿನ ಏರಿ ಒಂದಿತ್ತು, ಜೂರೆನ್‌ಬೋ ಏರಿ. ನದಿಗಳು ಬೇರೆಯಾದ ಮೇಲೆ ಇಂಥ ಒಳ ಏರಿಗಳು ಇನ್ನೇಕೆ ಎಂದು ಬಯಲಿನ ಎಷ್ಟೋ ಕಡೆ ಕೆಡವಿ ರಸ್ತೆ, ಮನೆ ಮಾಡಿದ್ದರು. ಇಲ್ಲಿನವರು ಉಳಿಸಿಕೊಂಡಿದ್ದರು. ರಸ್ತೆಗಾಗಿ ಏರಿಯಲ್ಲಿ ಒಂದು ಸಂದು ಮಾತ್ರ ಬಿಟ್ಟಿದ್ದರು. ನೀರು ಬರುತ್ತಿದೆ ಎಂದು ಗೊತ್ತಾದ ಕೂಡಲೇ ಆ ಸಂದನ್ನು ಮುಚ್ಚಿದರು. ಏರಿಯ ಉತ್ತರಕ್ಕೆ ಸೂರಿನವರೆಗೆ ನೀರು ನಿಂತಾಗ ದಕ್ಷಿಣದ ಗದ್ದೆಗಳಲ್ಲಿ ಬತ್ತದ ಪೈರು ಹಾಗೇ ನಿಂತಿತ್ತು.